ನಡುಗುವ ತಿರುಳುಗಳನ್ನು ಅಳೆಯುವ ವರ

ಅಕ್ಕವ್ವಾ, ತಮ್ಮಣ್ಣಾ, ಪುಟ್ಟವ್ವಾ,

ಕಳೆದ ಸೂಟಿಯಲ್ಲಿ ನೀವು ಮೂವರೂ ನನ್ನನ್ನು ಸುತ್ತುಗಟ್ಟಿ, ಸಣ್ಣಜ್ಜ ಮುಂಬಯಿಯಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಿರಿ. "ಅಳೀತಿದ್ರು" ಎಂದೆ. "ಏನನ್ನ?" ಎಂದಿರಿ. ನಾನು ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತ ಎದ್ದು ಹೋದೆ. ಅಜ್ಜಿಗೆ ಗೊತ್ತಿಲ್ಲ ಎಂದು ನೀವು ತಿಳಿದಿರಿ. ಗೊತ್ತಿದೆ. ಆದರೆ ಅದನ್ನು ಹೇಳಹೊರಟರೆ ಎಮ್ಮೆಯಿಂದ ಶುರು ಮಾಡಬೇಕಾಗುತ್ತದೆ, ಮತ್ತು ಅದನ್ನು ಎದುರಿಗೆ ಕುಳಿತು ಹೇಳಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಳೆಯ ಮುಂದೆ ನನಗೆ ನಾಚಿಕೆ ಕಡಿಮೆ.

ಅದು ಎಂಬತ್ತರ ದಶಕ. ನಾವು ಕುಂದಗೋಳದ ಬಾಜು ಹಳ್ಳಿಯಲ್ಲಿದ್ದೆವು. ಕರಿ ಹೊಲ, ಹತ್ತಿ, ಮೆಣಸಿನಕಾಯಿ. ಮನೆಯಲ್ಲಿ ನಿಮ್ಮ ಅಜ್ಜ, ಅವರ ತಾಯಿ ಅಂದರೆ ನಿಮ್ಮ ಮುತ್ತಜ್ಜಿ, ನಾನು, ಮತ್ತು ನನ್ನ ಸೊಂಟದಿಂದ ಕೆಳಗಿಳಿಯದ ನಿಮ್ಮ ಅಪ್ಪ. ನಿಮ್ಮ ಅಜ್ಜನ ತಮ್ಮನೇ ಸಣ್ಣಜ್ಜ. ಅವರು ಮುಂಬಯಿಯ ಒಂದು ದೊಡ್ಡ ಪ್ರಯೋಗಶಾಲೆಯಲ್ಲಿದ್ದರು, ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಬರುತ್ತಿದ್ದರು.

ಅವರ ಕೆಲಸ ಇಂಥದ್ದು. ಪರಮಾಣುವಿನ ನಡುವೆ ಒಂದು ಗಟ್ಟಿ ತಿರುಳಿರುತ್ತದೆ. ಕೆಲವು ತಿರುಳುಗಳು ಬಾಳುವುದಿಲ್ಲ. ಹುಟ್ಟಿದ ಸ್ವಲ್ಪ ಹೊತ್ತಿಗೇ ತಮ್ಮ ರೂಪ ಬಿಟ್ಟು ಬೇರೆ ತಿರುಳಾಗಿಬಿಡುತ್ತವೆ. ಆ ಹೊಸ ತಿರುಳು ಹುಟ್ಟುವಾಗಲೇ ಮೈಯೆಲ್ಲ ಒಂದಾಗಿ ನಡುಗುತ್ತ ಹುಟ್ಟುತ್ತದೆ. ಆ ನಡುಕ ಎಂಥದು, ಎಷ್ಟು ಜೋರಿನದು ಎಂದು ಅಳೆಯಬೇಕು. ಈಗ ಇಷ್ಟನ್ನು ಸಲೀಸಾಗಿ ಬರೆದುಬಿಟ್ಟೆ. ಆಗ ಮನೆಯಲ್ಲಿ ಯಾರಿಗೂ ತಲೆಬುಡ ತಿಳಿದಿರಲಿಲ್ಲ. ಮುತ್ತಜ್ಜಿಯಂತೂ ಮಗ ಬಂದಾಗಲೆಲ್ಲ ವಿಚಾರಣೆ ನಡೆಸುತ್ತಿದ್ದರು.

"ನಡುಗತಾವು ಅಂತೀಯಲ್ಲ, ಥಂಡಿ ಹತ್ತೇತೇನೋ ಅವಕ್ಕ?"

"ಇಲ್ಲವಾ."

"ಮತ್ತ ಅಂಜಿಕಿ?"

"ಅಂಜಿಕೀನೂ ಇಲ್ಲ."

"ಥಂಡಿ ಇಲ್ಲ, ಅಂಜಿಕಿ ಇಲ್ಲ, ಸುಮ್ಮಸುಮ್ಮನ ನಡುಗತಾವು. ಅದನ್ನ ಅಳ್ಯಾಕ ಸರಕಾರ ನಿನಗ ಪಗಾರಾ ಕೊಡತೈತಿ!"

"ಹೌದವಾ."

"ಹುಚ್ಚ ಸರಕಾರ," ಎಂದು ಮುತ್ತಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಕಷ್ಟ ಬಂದದ್ದು ಲಗ್ನದ ಮಾತಿಗೆ. ಆ ದಿನಗಳಲ್ಲಿ ಕಾರವಾರದ ಕಡೆ ಅಣುಸ್ಥಾವರ ಬರುವ ಸುದ್ದಿ ಪೇಪರಿನಲ್ಲಿ ಮೇಲಿಂದ ಮೇಲೆ ಬರುತ್ತಿತ್ತು. ಅಣು ಎಂದ ಕೂಡಲೇ ಕನ್ಯೆ ಕೊಡುವವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಒಂದು ಮನೆಯವರು ಕೂದಲು ಉದುರುತ್ತದೆ ಎಂದರು. ಇನ್ನೊಂದು ಮನೆಯವರು ಮಕ್ಕಳಾಗುವುದಿಲ್ಲ ಎಂದರು. ಮೊದಲಿನವರಿಗೆ ಸಣ್ಣಜ್ಜನ ತಲೆ ತೋರಿಸಬಹುದಿತ್ತು, ಕುರುಚಲು ಗಿಡದಂತೆ ಕೂದಲಿತ್ತು. ಎರಡನೆಯವರಿಗೆ ಲಗ್ನಕ್ಕೆ ಮೊದಲೇ ಏನು ತೋರಿಸುವುದು, ನೀವೇ ಹೇಳಿರಿ.

ಆಮೇಲೆ ಅಣ್ಣಿಗೇರಿಯ ಕಡೆಯ ಒಂದು ಮನೆಗೆ ಕನ್ಯೆ ನೋಡಲು ಹೋದೆವು. ಹೆಂಗಸರ ಕಡೆಯಿಂದ ನಾನು ಹೋಗಿದ್ದೆ. ಹುಡುಗಿಗೆ ತಾಯಿ ಇರಲಿಲ್ಲ, ತಂದೆಯ ಅಕ್ಕ ಸಾಕಿದ್ದರು. ಸಣ್ಣಜ್ಜ ತಮ್ಮ ಕೆಲಸದ ಬಗ್ಗೆ ಹೇಳಿದಾಗ ಅಲ್ಲಿದ್ದ ಗಂಡಸರೆಲ್ಲ ತಿಳಿದವರಂತೆ "ಹೌದ್ಹೌದು, ಅಗದಿ ಖರೇ" ಎಂದು ತಲೆಯಾಡಿಸಿದರು. ಆ ಹುಡುಗಿ ಮಾತ್ರ ತಲೆ ಎತ್ತಿ, "ನನಗ ತಿಳೀಲಿಲ್ರಿ. ಇನ್ನೊಮ್ಮೆ ಹೇಳ್ರಿ" ಎಂದಳು. ಸೋದರತ್ತೆ ಅವಳ ತೊಡೆಗೆ ಚಿವುಟಿದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನೊಮ್ಮೆ ಹೇಳುವಷ್ಟರಲ್ಲಿ ಅವಲಕ್ಕಿ ಬಂತು, ಮಾತು ಅಲ್ಲಿಗೇ ನಿಂತಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಸಣ್ಣಜ್ಜ ನನ್ನ ಹಿಂದಿನ ಸೀಟಿನಲ್ಲಿದ್ದರು.

"ವೈನಿ."

"ಏನ್ರಿ?"

"ತಿಳೀಲಿಲ್ಲ ಅಂದ್ಲು."

"ಕೇಳ್ಸೇತ್ರಿ."

"ಇಷ್ಟು ವರ್ಷದಾಗ ಹಂಗ ಅಂದಾಕಿ ಆಕಿ ಒಬ್ಬಾಕಿನಽ."

ಹುಬ್ಬಳ್ಳಿ ಬರುವ ತನಕ ಇದನ್ನೇ ನಾಲ್ಕು ಥರದಲ್ಲಿ ಹೇಳಿದರು. ಕೊನೆಗೆ, "ಈಕಿ ಆಗಲಿಲ್ಲಂದ್ರ ನನಗ ಇನ್ನ ಯಾರನ್ನೂ ತೋರಿಸಬ್ಯಾಡ್ರಿ" ಎಂದರು. ಈ ಮಾತನ್ನು ಅಣ್ಣನಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಮಾತೇ ಆಡದ ಅತ್ತಿಗೆಯ ಹತ್ತಿರ ಹೇಳಿದರೆ ಮಾತು ಎಲ್ಲಿಯೂ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಅಂದಿನಿಂದ ನನ್ನ ಜೀವಕ್ಕೆ ಸಮಾಧಾನ ಇಲ್ಲದಾಯಿತು. ಆ ಮನೆಯಲ್ಲಿ ಹುಡುಗಿಯ ತಂದೆಯದು ಬರೀ ಮೀಸೆ, ಮಾತೆಲ್ಲ ಸೋದರತ್ತೆಯದು. ಅವರಿಬ್ಬರೂ ನಮ್ಮ ಮನೆ ನೋಡಲು ಬರುವುದೆಂದು ಠರಾವಾಯಿತು.

ಇನ್ನು ಎಮ್ಮೆಯ ವಿಷಯ.

ಊರಲ್ಲಿ ದನದ ದವಾಖಾನೆ ಇತ್ತು. ಅಲ್ಲಿಯ ಡಾಕ್ಟರ ಹತ್ತಿರ ಹಾಲಿನ ಕ್ಯಾನಿನಂಥ ಒಂದು ದಪ್ಪ ಡಬ್ಬಿ. ಮುಚ್ಚಳ ತೆಗೆದರೆ ಬಿಳಿಯ ಹೊಗೆ ಹೊರಗೆ ಉಕ್ಕುತ್ತಿತ್ತು. ಒಳಗೆ ನೀರಿನಂತೆ ಮಾಡಿದ ಸಾರಜನಕ, ಕೈ ಇಟ್ಟರೆ ಕೈಯೇ ಹೋಗುವಷ್ಟು ಥಂಡಿ. ಅದರಲ್ಲಿ ಸಣ್ಣ ಸಣ್ಣ ಕಡ್ಡಿಗಳು. ಒಳ್ಳೆಯ ತಳಿಯ ಹೋರಿಯನ್ನೋ ಕೋಣವನ್ನೋ ಊರಿಂದೂರಿಗೆ ಹೊಡೆದುಕೊಂಡು ಹೋಗುವ ಬದಲು ಅದರ ಕಡ್ಡಿಯನ್ನು ಒಯ್ದು ಆಕಳು, ಎಮ್ಮೆಗಳಿಗೆ ಗರ್ಭ ಕಟ್ಟಿಸುತ್ತಿದ್ದರು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಬೇಕಾದರೆ ನಿಮ್ಮ ಅಪ್ಪನನ್ನು ಕೇಳಿರಿ, ಅವನ ಮುಖ ನೋಡಲು ನಾನೂ ಬರುತ್ತೇನೆ.

ಆ ಹೊಗೆ ಕಂಡ ದಿನ ಸಣ್ಣಜ್ಜನಿಗೆ ಪರದೇಶದಲ್ಲಿ ತಮ್ಮೂರಿನವರು ಭೇಟಿಯಾದಂತೆ ಆಯಿತು. ತಿರುಳಿನ ನಡುಕ ಹಿಡಿಯಲು ಮುಂಬಯಿಯಲ್ಲಿ ಅವರ ಹತ್ತಿರ ಒಂದು ಹರಳು ಇತ್ತಂತೆ. ಆ ಹರಳನ್ನು ಇದೇ ಸಾರಜನಕದಿಂದ ಸದಾ ಥಂಡಿಯಾಗಿ ಇಡಬೇಕು. ಸುರಿಯುವುದು ಮರೆತು ಹರಳು ಬೆಚ್ಚಗಾದರೆ ಕೆಟ್ಟೇ ಹೋಯಿತು. ಹೀಗಾಗಿ ಆ ಡಬ್ಬಿಯ ಮೇಲೆ ಅವರಿಗೆ ತಾಯಿಗಿರುವಂಥ ಕಾಳಜಿ. ದಿನಾಲೂ ಚಹಾ ಕುಡಿದು ದವಾಖಾನೆಗೆ ಹೋಗುವುದು, ಡಾಕ್ಟರ ಫಟಫಟಿಯ ಹಿಂದೆ ಕೂಡುವುದು, ತಗ್ಗುದಿಣ್ಣೆಯ ದಾರಿಯಲ್ಲಿ ತುಳುಕದಂತೆ ಡಬ್ಬಿಯನ್ನು ತೊಡೆಯ ಮೇಲೆ ಅಪ್ಪಿ ಹಿಡಿದು ಹಳ್ಳಿ ಹಳ್ಳಿ ತಿರುಗುವುದು. ಊರಿನವರು ಮುಂಬಯಿಯನ್ನು ನೋಡಿರಲಿಲ್ಲ, ಇದನ್ನು ನೋಡಿದ್ದರು. ಹೀಗಾಗಿ ಅವರು ತಮಗೆ ಕಂಡದ್ದನ್ನು ನಂಬಿದರು.

ಬೀಗರಾಗುವವರು ಬರುವ ದಿನ "ಎಲ್ಲೂ ಹೋಗಬ್ಯಾಡ್ರಿ" ಎಂದು ನಾನೇ ಧೈರ್ಯ ಮಾಡಿ ಹೇಳಿದ್ದೆ. ಆದರೆ ಬಾಜು ಊರಿನಿಂದ ಕರೆ ಬಂತು. ಎಮ್ಮೆಯ ಹೊತ್ತು ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು, ಕನ್ಯೆಯ ಕಡೆಯವರು ಅರ್ಧ ತಾಸು ಕಾಯಬಹುದು ಎಂದು ಡಾಕ್ಟರು ಲೆಕ್ಕ ಹಾಕಿದರು. ಸಣ್ಣಜ್ಜ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು.

ಬಂದವರು ಬಸ್ಸಿಳಿದು ಚಹಾದಂಗಡಿಯಲ್ಲಿ ನಮ್ಮ ಮನೆ ಕೇಳಿದ್ದಾರೆ. ಹುಡುಗ ಹೇಗೆ ಎಂದೂ ಕೇಳಿದ್ದಾರೆ. ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ, "ಬಂಗಾರದಂಥಾ ಹುಡುಗ್ರಿ. ಎಮ್ಮಿ ಕಟ್ಟಸೂ ಡಬ್ಬಿ ಹಿಡ್ಕೊಂಡು ದಿನಾ ಊರೂರು ಅಡ್ಡಾಡ್ತಾನ. ಅವನ ಕೈಗುಣ ಭಾಳ ಚಲೋ" ಎಂದು ಹೇಳಿಬಿಟ್ಟ.

ಇಬ್ಬರೂ ಮುಖ ಗಂಟು ಹಾಕಿಕೊಂಡು ಒಳಗೆ ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ನಿಮ್ಮ ಅಜ್ಜ ನೀರು ಕೊಟ್ಟು ಕೂಡ್ರಿಸಿದರು.

"ಮುಂಬಯಿ ಅಂದಿದ್ರಿ," ಎಂದರು ಹುಡುಗಿಯ ತಂದೆ.

"ಹೌದ್ರಿ, ಮುಂಬಯಿ."

"ಮತ್ತ ಎಮ್ಮಿಗೋಳು ಮುಂಬಯಿಗೆ ಹೋಗತಾವೋ, ಇವ್ರಽ ಬರ್ತಾರೋ?"

ನಿಮ್ಮ ಅಜ್ಜ ಏನೂ ತಿಳಿಯದೆ ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಮುಂದೆ ಫಟಫಟಿ ಬಂದು ನಿಂತಿತು. ಹಿಂದೆ ನಮ್ಮ ವರ. ಪ್ಯಾಂಟಿಗೆ ಮೊಣಕಾಲ ತನಕ ಸೆಗಣಿ, ಎದೆಗೆ ಅಪ್ಪಿದ ಡಬ್ಬಿ, ಡಬ್ಬಿಯ ಬಾಯಿಂದ ಹೊಗೆ. ಮದುವಣಗಿತ್ತಿಯನ್ನು ಇಳಿಸಿದಂತೆ ಅದನ್ನು ಮೆಲ್ಲಗೆ ಪಡಸಾಲೆಯಲ್ಲಿ ಇಳಿಸಿ, ಸೋದರತ್ತೆಯ ಕಾಲಿಗೆ ಬಗ್ಗಿದರು. ಅವರು ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡರು.

"ಹೊಗಿ ಬರಾಕತ್ತೇತಿ! ಇದಽ ಏನು ಆ ಅಣು?" ಎಂದು ತಂದೆ ಎದ್ದು ನಿಂತರು.

"ಇಲ್ರಿ, ಇದು ಕೋಣದ್ದು," ಎಂದರು ಡಾಕ್ಟರು, ಸಮಾಧಾನ ಮಾಡುವವರಂತೆ.

"ಕೋಣ ಎಲ್ಲೈತ್ರಿ?" ಎಂದು ಮುತ್ತಜ್ಜಿ ಅಂಗಳದ ಕಡೆ ನೋಡಿದರು.

"ಡಬ್ಬಿಯೊಳಗ್ರಿ."

ನಾನು ಬಾಗಿಲ ಹಿಂದೆ ಸೆರಗನ್ನು ಬಾಯಲ್ಲಿ ತುರುಕಿಕೊಂಡೆ. ಸೋದರತ್ತೆ ಡಬ್ಬಿಯನ್ನು ನೋಡಿದರು, ಸಣ್ಣಜ್ಜನನ್ನು ನೋಡಿದರು. "ಕೋಣ ಡಬ್ಬಿಯೊಳಗ. ಅಣು ಕಣ್ಣಿಗೆ ಕಾಣಂಗಿಲ್ಲ. ಕಾಣೂ ಹಂಥಾದು ಏನರ ಐತೇನ್ರಿ ನಿಮ್ಮ ಮನ್ಯಾಗ?" ಎಂದರು.

ಸಣ್ಣಜ್ಜ ಎಲ್ಲವನ್ನೂ ಬಿಡಿಸಿ ಹೇಳಿದರು. ಡಾಕ್ಟರು ಸಾಕ್ಷಿ ನುಡಿದರು. ಮುಂಬಯಿಯ ನೌಕರಿ ಖರೆ, ಎಮ್ಮೆ ಬರೀ ದೋಸ್ತಿ ಸಲುವಾಗಿ ಎಂದಾಯಿತು. ತಂದೆಯ ಮುಖ ಸ್ವಲ್ಪ ಸಡಿಲವಾಯಿತು. "ಆತು ಬಿಡ್ರಿ, ಹುಡುಗ ಚಲೋ ಅದಾನ. ಮುಂದಿನ ಮಾತು..." ಎಂದವರು ಜೋರಾಗಿ ಸೀನಿದರು.

ಒಂದೇ ಸೀನು.

ಲಗ್ನದ ಮಾತು ಎತ್ತಿದಾಗ ಒಂಟಿ ಸೀನು ಬಂದರೆ ನಮ್ಮ ಕಡೆ ಮಾತೇ ಮುರಿಯಿತು. ಜೋಡಿ ಸೀನಾದರೆ ದೋಷವಿಲ್ಲ. ಎಲ್ಲರೂ ಅವರ ಮೂಗನ್ನೇ ನೋಡುತ್ತ ಕಾದರು. ಎರಡನೆಯದು ಬರಲಿಲ್ಲ. ಅವರು ಹೆಗಲ ಮೇಲಿನ ಶಲ್ಲೆಯನ್ನು ಸರಿಮಾಡಿಕೊಳ್ಳತೊಡಗಿದರು. ಎದ್ದುಹೋಗುವ ಲಕ್ಷಣ ಅದು. ನನಗೆ ಏನು ಹೊಕ್ಕಿತೋ, ಆರಿಸಲು ಇಟ್ಟಿದ್ದ ಒಣ ಮೆಣಸಿನಕಾಯಿಯ ಒಂದು ಹಿಡಿ ತೆಗೆದು ಒಲೆಯ ಕೆಂಡಕ್ಕೆ ಹಾಕಿದೆ.

ಆಮೇಲೆ ಆ ಮನೆಯಲ್ಲಿ ಆದ ಸೀನುಗಳನ್ನು ಜೋಡಿ ಮಾಡಲು ಯಾರಿಂದಲೂ ಆಗಲಿಲ್ಲ. ತಂದೆ ಸೀನಿದರು, ಡಾಕ್ಟರು ಸೀನಿದರು, ಮುತ್ತಜ್ಜಿ ಸೀನುತ್ತಲೇ ನನಗೆ ಬೈದರು. ದಾರಿಯಲ್ಲಿ ಹೋಗುತ್ತಿದ್ದವರೂ ಸೀನಿದರಂತೆ. ಸೋದರತ್ತೆ ಕೆಮ್ಮುತ್ತ, ಮೂಗಿಗೆ ಸೆರಗು ಹಿಡಿದು ನೆಟ್ಟಗೆ ಅಡುಗೆಮನೆಗೇ ನುಗ್ಗಿದರು.

"ಏನ್ ಸುಟ್ಟೀಯವಾ?"

ಹೊರಗಿನವರ ಎದುರು ನನ್ನ ಬಾಯಿ ಹೇಗೂ ತೆರೆಯುವುದಿಲ್ಲ. ಕೆಲಸದಲ್ಲಿ ಇದ್ದವಳಂತೆ ತೋರಿಸಲು ಒಲೆಯ ಮೇಲಿನ ಹಂಚಿಗೆ ನೀರು ಚಿಮುಕಿಸಿದೆ. ರೊಟ್ಟಿ ಹಾಕುವ ಮೊದಲು ಎಲ್ಲರೂ ಮಾಡುವಂಥದೇ. ಹಂಚು ಹದವಾಗಿ ಕಾಯ್ದಿದ್ದರೆ ಹನಿ ಚುಯ್ಯೆಂದು ಅಲ್ಲೇ ಆರುತ್ತದೆ. ಆವೊತ್ತು ಬಾಗಿಲ ಹಿಂದೆ ನಿಂತು ನಾನು ಹಂಚನ್ನೇ ಮರೆತಿದ್ದೆ, ಅದು ಮಿತಿ ಮೀರಿ ಕಾಯ್ದಿತ್ತು. ಹನಿ ಆರಲಿಲ್ಲ. ಮುತ್ತಿನಂತೆ ಉಂಡೆಯಾಗಿ ಹಂಚಿನ ತುಂಬ ಓಡಾಡಿತು.

ಸೋದರತ್ತೆಗೆ ಕುಡಿಯಲು ನೀರು ತಂದಿದ್ದ ಸಣ್ಣಜ್ಜ ಹಿಂದೆಯೇ ನಿಂತಿದ್ದರು. ತಂಬಿಗೆಯನ್ನು ಅವರಿಗೆ ಕೊಡುವುದನ್ನೂ ಮರೆತು ಬಗ್ಗಿದರು.

"ಅವ್ವಾರ, ನೋಡ್ರಿ ನೋಡ್ರಿ! ಇದಽ ನನ್ನ ಕೆಲಸ!"

"ರೊಟ್ಟಿ ಮಾಡೂದೇನೋ?"

"ಅಲ್ರಿ, ಆ ಹನಿ ನೋಡ್ರಿ. ಹೆಂಗ ನಡುಗತೈತಿ!"

ಅವರು ಬಗ್ಗಿದರು. ನಾನೂ ಬಗ್ಗಿದೆ. ಹುಟ್ಟಿದಾಗಿನಿಂದ ಹಂಚಿಗೆ ನೀರು ಹಾಕಿದವಳು, ಒಮ್ಮೆಯೂ ಹಾಗೆ ನೋಡಿರಲಿಲ್ಲ. ಹನಿ ಲಿಂಬೆಹಣ್ಣಿನಂತೆ ಉದ್ದವಾಗುತ್ತಿತ್ತು, ಮರುಗಳಿಗೆಗೆ ಅಡ್ಡಕ್ಕೆ ಅಗಲವಾಗುತ್ತಿತ್ತು, ಮತ್ತೆ ಉದ್ದ, ಮತ್ತೆ ಅಗಲ.

"ಒಳಗಿನ ನೀರೆಲ್ಲಾ ಕೂಡೇ ಹೋಗತೈತಿ, ಕೂಡೇ ಬರತೈತಿ. ನಮ್ಮ ತಿರುಳೂ ಹಿಂಗಽ. ಅಲ್ಲಿ ಒಲಿ ಇಲ್ಲ, ಹಂಚಿಲ್ಲ, ಆದರ ಕುಣಿಯೂದು ಇದಽ ಥರಾ."

ಹನಿ ಸಣ್ಣದಾಗುತ್ತ ಹೋಗಿ ಮಾಯವಾಯಿತು.

"ಹೋತಲ್ಲೋ!" ಎಂದರು ಸೋದರತ್ತೆ.

"ನಮ್ಮದೂ ಹಂಗಽ ಹೋಗತೈತ್ರಿ. ಹೋಗೂದರಾಗ ಅಳೀಬೇಕು."

"ಹೆಂಗ ಅಳೀತಿ? ಪಟ್ಟಿ ಹಿಡೀತೀಯೇನು?"

"ಇಲ್ರಿ. ನಡುಗೂದು ಬಿಟ್ಟು ಸುಮ್ಮನಾಗೂ ಮುಂದ ಅದು ಒಂದು ಕಿರಣಾ ಬಿಡತೈತಿ. ಆ ಕಿರಣಾ ನಮ್ಮ ಹರಳಿಗೆ ಎಷ್ಟ ಜೋರ ಬಡೀತು ಅನ್ನೂದರ ಮ್ಯಾಲೆ ನಡುಕ ಎಂಥಾದಿತ್ತು ಅಂತ ತಿಳೀತೈತಿ."

"ಒಂದು ಸರ್ತಿ ಬಡದ್ರ ತಿಳೀತೈತೇನು?"

"ಒಂದರಿಂದ ತಿಳ್ಯಂಗಿಲ್ರಿ. ಮತ್ತ ಮತ್ತ ಹುಟ್ಟಿಸಿ ಮತ್ತ ಮತ್ತ ನೋಡಬೇಕು."

"ಹಂಗಾರ ಚಿಮುಕಿಸವಾ ಇನ್ನೊಮ್ಮೆ," ಎಂದು ಅವರು ನನ್ನ ಮೊಣಕೈ ತಿವಿದರು. ನಾನು ಚಿಮುಕಿಸಿದೆ. ಅವರಿಗೆ ಸಾಲದೆ ಬಟ್ಟಲನ್ನೇ ನನ್ನ ಕೈಯಿಂದ ಕಿತ್ತುಕೊಂಡು ತಾವೇ ಚಿಮುಕಿಸತೊಡಗಿದರು. ಒಂದು ಹನಿ ಜಾರಿ ಒಲೆಗೆ ಬಿದ್ದರೆ "ಲೇ, ನಿಲ್ಲಲೇ!" ಎಂದು ಬೈದರು. ಹೊರಗಿನಿಂದ ಅವರ ತಮ್ಮ, ಅಂದರೆ ಹುಡುಗಿಯ ತಂದೆ, ಕೂಗಿದರು:

"ಅಕ್ಕಾ, ಏನ್ ನಡದೈತಿ ಒಳಗ?"

"ಸುಮ್ಕಿರೋ, ಅಳ್ಯಾಕತ್ತೀವಿ!"

ನಾನು ನಕ್ಕೆ. ಸಣ್ಣಜ್ಜನೂ ನಕ್ಕರು. ಆಗ ಸೋದರತ್ತೆ ಬಟ್ಟಲು ಕೆಳಗಿಟ್ಟು ನೆಟ್ಟಗೆ ನಿಂತರು. ಅವರ ಮುಖದ ಮೇಲೆ ನಗು ಇರಲಿಲ್ಲ.

"ತಮ್ಮಾ, ಆ ಕಿರಣಾ ನಿನ್ನ ಮೈಗೆ ಬಡದ್ರ?"

ಏನೂ ಆಗುವುದಿಲ್ಲ ಎಂದು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಸಣ್ಣಜ್ಜ ಹಾಗೆ ಹೇಳಲಿಲ್ಲ.

"ಸ್ವಲ್ಪ ಬಡೀತೈತ್ರಿ. ನಡುವ ಸೀಸದ ಇಟ್ಟಂಗಿ ಗ್ವಾಡಿ ಇಟ್ಟಿರ್ತೀವಿ. ಎದಿ ಮ್ಯಾಲೆ ಒಂದು ಬಿಲ್ಲೆ ಹಾಕ್ಕೋತೀವಿ, ಎಷ್ಟ ಬಡದೈತಿ ಅಂತ ಅದನ್ನ ತಗೊಂಡು ತಪಾಸ ಮಾಡ್ತಾರ. ಇಲ್ಲೀತನಕ ಏನೂ ಆಗಿಲ್ಲ. ಎಂದೂ ಆಗಂಗಿಲ್ಲ ಅಂತ ಆಣಿ ಮಾಡಿ ಹೇಳಾಕ ಬರೂದಿಲ್ರಿ. ಅಂಜಿಕಿ ಇಟ್ಕೊಂಡಽ ಕೆಲಸಾ ಮಾಡ್ತೀವಿ."

ಸೋದರತ್ತೆ ಅವರ ಕೈಯಲ್ಲಿದ್ದ ತಂಬಿಗೆ ಇಸಿದುಕೊಂಡು ನೀರು ಕುಡಿದರು. "ಹುಡುಗಿನ್ನ ಕೇಳತೀನಿ," ಎಂದಷ್ಟೇ ಹೇಳಿ ಹೊರಗೆ ನಡೆದರು. ಚಹಾ ಕುಡಿದು ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಹೋದರು.

ಆ ಕಾಲದಲ್ಲಿ ಹುಡುಗಿಯನ್ನು ಯಾರು ಕೇಳುತ್ತಿ‌ದ್ದರು? ನನ್ನನ್ನಂತೂ ಕೇಳಿರಲಿಲ್ಲ. ಒಲ್ಲೆವು ಎನ್ನುವುದನ್ನು ನಯವಾಗಿ ಹೇಳುವ ರೀತಿ ಅದು ಎಂದೇ ಎಲ್ಲರೂ ತಿಳಿದೆವು. "ಹೋತು ಬಿಡು," ಎಂದರು ನಿಮ್ಮ ಅಜ್ಜ. "ಒಂದು ಸುಳ್ಳ ಹೇಳಾಕ ಏನಾಗಿತ್ತು ನಿನಗ?" ಎಂದು ಮುತ್ತಜ್ಜಿ ಮಗನನ್ನು ಬೈದರು. ಸಣ್ಣಜ್ಜ ದವಾಖಾನೆಗೆ ಹೋಗುವುದನ್ನು ಬಿಟ್ಟರು. ಡಾಕ್ಟರು ಬಾಗಿಲಿಗೆ ಬಂದು ಹಾರ್ನ್ ಹೊಡೆದರೂ ಹೊರಗೆ ಹೋಗಲಿಲ್ಲ. ರಜೆ ಮುಗಿಯುತ್ತ ಬಂತು. ಟ್ರಂಕಿಗೆ ಅರಿವೆ ಹಾಕತೊಡಗಿದರು. ನಾನು ಚಕ್ಕುಲಿ ಮಾಡಿಕೊಟ್ಟರೆ ಡಬ್ಬಿ ತೆರೆದೂ ನೋಡಲಿಲ್ಲ.

ಹೊರಡುವ ಹಿಂದಿನ ದಿನ ಸೋದರತ್ತೆ ಒಬ್ಬರೇ ಬಸ್ಸಿಳಿದು ಬಂದರು. ಪಡಸಾಲೆಯಲ್ಲಿ ಯಾರನ್ನೂ ಮಾತಾಡಿಸದೆ ನೇರವಾಗಿ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕುಳಿತರು.

"ಕರಿಯವಾ ನಿಮ್ಮ ಅಳಿಯೂ ಮನಿಶ್ಯಾನ್ನ," ಎಂದರು ನನಗೆ.

ಸಣ್ಣಜ್ಜ ಬಂದು ಕಂಬಕ್ಕೆ ಆತು ನಿಂತರು. ಹಿಂದೆ ನಿಮ್ಮ ಅಜ್ಜ, ಮುತ್ತಜ್ಜಿ.

"ಹುಡುಗಿಗೆ ಎಲ್ಲಾ ಹೇಳೀನಿ. ಕಿರಣಾ ಬಡಿಯೂದೂ ಹೇಳೀನಿ, ನೀ ಆಣಿ ಮಾಡ್ಲಿಲ್ಲ ಅನ್ನೂದೂ ಹೇಳೀನಿ. ಹಂಚಿನ ಮ್ಯಾಲೆ ನೀರು ಹಾಕಿ ತೋರಿಸೀನಿ. ಅದಽ ತಪ್ಪಾತು. ಅವತ್ತಿಂದ ನಮ್ಮ ಮನ್ಯಾಗ ಒಂದು ರೊಟ್ಟಿ ನೆಟ್ಟಗಿಲ್ಲ. ಒಂದೋ ಹಸೀದು, ಇಲ್ಲಾ ಕರಕಲು. ಹಂಚಿನ ಮುಂದ ಕೂತು ಬರೇ ಹನಿ ನೋಡ್ತಾಳ."

ಹೀಗೆಂದು ಅವರು ನಮ್ಮ ಒಲೆಯ ಮೇಲಿನ ಹಂಚಿನ ಕಡೆ ತಿರುಗಿದರು.

"ಸಣ್ಣ ಹನಿ ಲಗೂ ಲಗೂ ನಡುಗತೈತಿ, ದೊಡ್ಡದು ಸಾವಕಾಶ ನಡುಗತೈತಿ ಅಂತಾಳ. ಖರೇ ಏನೋ?"

"ಖರೇ ಐತ್ರಿ," ಎಂದರು ಸಣ್ಣಜ್ಜ, ಕಂಬ ಬಿಟ್ಟು ಮುಂದೆ ಬಂದು.

"ಮತ್ತ ದೊಡ್ಡ ಹನಿ ಒಮ್ಮೊಮ್ಮೆ ಮೂರು ಮೂಲಿ ಆಗತೈತಂತ. ನಿನ್ನ ತಿರುಳೂ ಹಂಗ ಆಗತಾವೇನು, ಕೇಳ್ಕೊಂಡು ಬಾ ಅಂತ ನನ್ನ ಬಸ್ಸಿಗೆ ಹತ್ತಿಸ್ಯಾಳ."

"ಆಗತಾವ್ರಿ! ಮೂರು ಮೂಲೀನೂ ಆಗತಾವು, ಪೇರಲಹಣ್ಣಿನ ಗತೇನೂ ಆಗತಾವು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಆದರ ಅದಕ್ಕ ಜಾಸ್ತಿ ಜೋರ ಬೇಕು. ಯಾಕಂದ್ರ..."

ಸೋದರತ್ತೆ ಕೈ ಎತ್ತಿ ತಡೆದರು.

"ನನಗ ಹೇಳಬ್ಯಾಡ. ಪ್ರಶ್ನಿ ಹೊತ್ಕೊಂಡು ಬಂದು, ಉತ್ತರಾ ಹೊತ್ಕೊಂಡು ಹೋಗಾಕ ನಾ ಏನು ಪೋಸ್ಟಿನಾಕಿ ಅಲ್ಲ. ಆಕಿಗೇ ಹೇಳು, ಬಾಜೂಕ ಕೂಡ್ರಿಸ್ಕೊಂಡು ಜಲ್ಮಪೂರ್ತಿ ಹೇಳ್ಕೋತ ಕೂಡ್ರು. ಲಗೂನ ಮುಹೂರ್ತ ನೋಡ್ರಿ, ನಮಗ ರೊಟ್ಟಿ ತಿನ್ನಬೇಕಾಗೈತಿ."

ನಿಮ್ಮ ಅಜ್ಜ ತಮ್ಮನ ಬೆನ್ನಿಗೆ ಒಂದು ಗುದ್ದಿದರು. ನಿಮ್ಮ ಅಜ್ಜ ಈಗ ಇಲ್ಲ, ಆದರೆ ಆ ಗುದ್ದಿನ ಸಪ್ಪಳ ನನಗೆ ಈಗಲೂ ಕೇಳುತ್ತದೆ. ಅಷ್ಟು ಸಂತೋಷಪಟ್ಟದ್ದನ್ನು ನಾನು ಅಪರೂಪಕ್ಕೆ ನೋಡಿದ್ದೆ. ಮುತ್ತಜ್ಜಿ ಮಾತ್ರ ಒಬ್ಬೊಬ್ಬರ ಮುಖವನ್ನೇ ನೋಡುತ್ತ, "ಮೂರು ಮೂಲಿ ಅಂದ್ರ ಏನಾತು? ಯಾರರ ಹೇಳ್ರೆಲೇ, ಏನಾತು?" ಎನ್ನುತ್ತಿದ್ದರು.

"ಲಗ್ನ ಆತ್ರಿ ಅತ್ತಿ!" ಎಂದು ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದು ಎಂದು ಆ ಮನೆಯವರಿಗೆ ಗೊತ್ತಾದದ್ದು ಆವೊತ್ತೇ. ನನಗೂ ಆವೊತ್ತೇ.

ಆ ಹುಡುಗಿಯೇ ನಿಮ್ಮ ಸಣ್ಣಜ್ಜಿ. ಕೂದಲು ಮತ್ತು ಮಕ್ಕಳ ವಿಷಯ ನಿಮಗೆ ಗೊತ್ತೇ ಇದೆ. ಸಣ್ಣಜ್ಜನ ತಲೆ ಈಗ ಬೋಳು, ಆದರೆ ಅದೇ ವಯಸ್ಸಿಗೆ ಅವರ ಅಪ್ಪನದೂ ಬೋಳಾಗಿತ್ತು. ಅವರ ಮೂವರು ಮಕ್ಕಳ ಗದ್ದಲ ಎಂಥದೆಂದು ಸೂಟಿಯಲ್ಲಿ ನೀವೇ ಕೇಳಿದ್ದೀರಿ.

ಈ ಹಾಳೆಗಳಿಗೆ ಸೂಜಿದಾರ ಹಾಕಿ ಹೊಲಿದಿದ್ದೇನೆ. ಯಾವಾಗಲೂ ಅಕ್ಕವ್ವನ ಹತ್ತಿರ ಇರಲಿ. ತಮ್ಮಣ್ಣ ಕಾಗದ ಕಂಡರೆ ವಿಮಾನ ಮಾಡುತ್ತಾನೆ, ಪುಟ್ಟವ್ವ ಚಿತ್ರ ಬರೆಯುತ್ತಾಳೆ. ಸಣ್ಣಜ್ಜ ಓದಿದರೆ ತಿರುಳಿನ ಮಾತಿನಲ್ಲಿ ತಪ್ಪು ತಿದ್ದುತ್ತಾರೆ, ಸಣ್ಣಜ್ಜಿ ಓದಿದರೆ ರೊಟ್ಟಿಯ ಮಾತಿಗೆ ಜಗಳ ತೆಗೆಯುತ್ತಾಳೆ. ಇಬ್ಬರ ಕೈಗೂ ಸಿಗದ ಕಡೆ ಜೋಪಾನವಾಗಿ ಇಟ್ಟು, ನಿಮಗೂ ಮೊಮ್ಮಕ್ಕಳಾದ ಮೇಲೆ ತೆಗೆದು ಓದಿಸಿರಿ.